ಜೇಬಿನಲ್ಲಿ ಸಿಕ್ಕಿದ್ದು

ಹೆಸರು ಗೊತ್ತಿಲ್ಲ ಅಂದೆನಲ್ಲೇ. ಇನ್ನೆಷ್ಟು ಸಲ ಹೇಳ್ಲಿ? ಡಾಕ್ಟರಮ್ಮನ ಫಾರ್ಮಿನ ಆ ಸಾಲಿನ ಮೇಲಿಂದ ಬೆರಳು ತೆಗಿ ಮೊದಲು. ಬಟ್ಟೆ ತೊಳೆಯೋ ಲಿಕ್ವಿಡ್ಡು ಅಂತ ಬರಿ. ಡ್ರೈಕ್ಲೀನಿಂಗ್ ಅಂಗಡೀಲಿ ಮಷಿನ್ ಕೆಲಸ ಅಂತ ಬರಿ, ಸಾಕು. ಡಾಕ್ಟರಮ್ಮನ ಉಣ್ಣೆ ಕೋಟು ನಮ್ಮಲ್ಲಿಗೇ ಬರುತ್ತೆ, ಅವರಿಗೆ ಅಷ್ಟೂ ಗೊತ್ತಿರೋಲ್ವಾ?

ಡ್ರಮ್ಮಿನ ಮೇಲೆ ಚೀಟಿ ಇತ್ತು, ಇಲ್ಲ ಅಂತ ಯಾರು ಹೇಳಿದ್ರು? ನೆನೆದು ನೆನೆದು ಕಿತ್ಕೊಂಡು ಹೋಯ್ತು. ಯಾವಾಗ ಅಂದ್ರೆ... ನೀನು ಬರೋಕೆ ಮುಂಚೆ. ಅದಾದ ಮೇಲೆ ಬಂದ ಡ್ರಮ್ಮು? ಅದರದೂ ಹೋಯ್ತು. ಏನೇ ಇದು, ಪೊಲೀಸ್ ಸ್ಟೇಷನ್ನಾ? ಹಾಗೆ ದುರುಗುಟ್ಟಿ ನೋಡ್ಬೇಡ. ಆರು ವರ್ಷದಿಂದ ನನ್ನ ಜೊತೆ ಕೆಲಸ ಮಾಡ್ತಿದೀಯ, ನಾಲ್ಕು ವರ್ಷದಿಂದ ನನ್ನ ತಮ್ಮನ ಹೆಂಡತಿ. ನನ್ನ ಮಾತಿಗೆ ಅಷ್ಟೂ ಬೆಲೆ ಇಲ್ವಾ?

ಸರಿ, ಕೊಡಿಲ್ಲಿ ಆ ಫಾರ್ಮು. ನಾನೇ ತುಂಬಿಸ್ತೀನಿ. ನಾಲ್ಕು ಗಂಟೆಗೆ ತಲುಪಿಸ್ಬೇಕು ಅಂತ ಮೇಲೇ ಬರೆದಿದಾರಲ್ಲ, ಈಗಲೇ ಎರಡೂವರೆ. ನನ್ನ ಕನ್ನಡಕ ಎಲ್ಲಿ... ತಲೆ ಮೇಲೇ ಇದೆ. ನಗಬಹುದು ನೀನು, ನಾನೇನೂ ಅಂದ್ಕೊಳ್ಳಲ್ಲ. ನಗಲ್ವಾ? ಬೇಡ ಬಿಡು.

ಅದೇನದು, ಕೌಂಟರಿನ ಆ ತುದೀಲಿ? ಪ್ಲಾಸ್ಟಿಕ್ ಕವರಲ್ಲಿ ಹಾಕಿಟ್ಟಿದೀಯಲ್ಲ. ಯಾರ ಜೇಬಲ್ಲಿ ಸಿಕ್ತು? ಮದುವೆ ಕಾರ್ಡೋ ಏನೋ ಇದ್ದ ಹಾಗಿದೆ. ಇರ್ಲಿ, ಗಿರಾಕಿ ಬಂದಾಗ ನೋಡೋಣ. ಮೊದಲು ಇದು ಆಗ್ಲಿ.

ವಯಸ್ಸು. ಇಪ್ಪತ್ತೊಂಬತ್ತು. ಹೂಂ, ನೋಡು, ಇಲ್ಲಿಂದಾನೇ ಶುರು. ಹೆಣ್ಣಿಗೆ ಮೂವತ್ತು ಹತ್ರ ಬಂತು ಅಂದ್ರೆ... ಏನು? ಮೂವತ್ತೈದರ ಮೇಲಾದ್ರೆ ಕಷ್ಟ ಅಂತ ಬರೆದಿದಾರಾ ಡಾಕ್ಟರು? ಇಪ್ಪತ್ತೊಂಬತ್ತಕ್ಕೆ ಏನೂ ಇಲ್ವಂತಾ? ಅಲ್ಲೇ ಗೀಟು ಹಾಕಿದಾರಲ್ಲ, ಸರಿ. ತೂಕ... ನಲವತ್ತೊಂದು ಕಿಲೋ. ನೋಡು, ಸಿಕ್ತು. ನಾನು ಹೇಳ್ತಾನೇ ಇದ್ನಲ್ಲ, ಬೆಳಿಗ್ಗೆ ಏನೂ ತಿನ್ನದೆ ಬರ್ಬೇಡ ಬರ್ಬೇಡ ಅಂತ. ಮೈಯಲ್ಲಿ ಏನೂ ಇಲ್ದಿದ್ರೆ ಮುಟ್ಟು ಏರುಪೇರಾಗುತ್ತೆ, ಮುಟ್ಟು ಏರುಪೇರಾದ್ರೆ ಮಗು ಎಲ್ಲಿಂದ ನಿಲ್ಲುತ್ತೆ? ತೀರಾ ದಪ್ಪ ಇದ್ರೂ ಹಾಗೇ ಅಂತೆ, ತೀರಾ ಸಣ್ಣ ಇದ್ರೂ ಹಾಗೇ ಅಂತೆ. ನಂಗೆ ಯಾರು ಹೇಳಿದ್ರು ಅಂದ್ರೆ... ಎಲ್ಲೋ ಓದಿದ್ದು. ಬಸ್ಸಲ್ಲಿ ಯಾರೋ ಮಾತಾಡ್ತಿದ್ರು. ನೆನಪಿಲ್ಲ.

ದಿನಕ್ಕೆ ಎಷ್ಟು ಕಾಫಿ. ಆರು ಅಂತ ಬರಿಯೋದಾ ಏಳು ಅಂತಾನಾ? ನೀನು ಮೂರು ಅಂತ ಬರೆಸ್ತೀಯ, ನಂಗೊತ್ತು. ಆ ಫ್ಲಾಸ್ಕು ಖಾಲಿ ಮಾಡೋದು ಯಾರು ಮತ್ತೆ, ಇಸ್ತ್ರಿ ಪೆಟ್ಟಿಗೇನಾ? ತಲೆ ನೋಯುತ್ತೆ ಅಂತ ಕುಡೀತಿದ್ದೆ, ಹೂಂ. ಸಾಯಂಕಾಲ ಆದ್ರೆ ತಲೆ ಭಾರ, ಸುತ್ತಿದ ಹಾಗೆ ಆಗುತ್ತೆ ಅಂತಿದ್ದೆ. ಅದು ಇಸ್ತ್ರಿ ಹಬೆಗೆ ಅಂತ ನಾನು ಹೇಳಿದ್ದೆ. ಹಬೆಗೇ ಅದು. ಇನ್ನೇನು?

ಮನೇಲಿ ಯಾರಾದರೂ ಸಿಗರೇಟು ಸೇದ್ತಾರಾ. ಬರಿ, ದೊಡ್ಡದಾಗಿ ಬರಿ. ನನ್ನ ತಮ್ಮ ಅಂತ ನಾನು ಬಿಟ್ಟುಕೊಡಲ್ಲ. ದಿನವಿಡೀ ಬಸ್ಸು ಓಡಿಸಿ ಮನೆಗೆ ಬಂದು ಮುಚ್ಚಿದ ರೂಮಲ್ಲಿ ಪುಸುಪುಸು ಅಂತ ಸೇದ್ತಾನೆ. ಸೇದೋನಿಗೆ ಆಗೋದು ಒಂದು ಪಾಲು, ಪಕ್ಕದಲ್ಲಿ ಕೂತ ಹೆಂಗಸಿಗೂ ತಗಲುತ್ತೆ. ಏನು? ಇಲ್ಲ ಅಂತ ತಲೆ ಆಡಿಸ್ತೀಯಾ, ಬಿಟ್ಟನಾ? ಯಾವಾಗ? ಎರಡು ಬೆರಳು ತೋರಿಸ್ತೀಯಾ, ಎರಡು ವರ್ಷ ಆಯ್ತಾ? ನಂಗೆ ಹೇಳ್ಲೇ ಇಲ್ವಲ್ಲ. ಮಗುಗೋಸ್ಕರ ಬಿಟ್ಟನಾ... ಹೌದಾ. ಒಳ್ಳೇದು. ಒಳ್ಳೇದಾಯ್ತು.

ಅವನದೂ ಟೆಸ್ಟ್ ಮಾಡಿಸ್ಬೇಕಿತ್ತು ನೀನು. ಹೆಂಗಸರ ಮೇಲೇ ಯಾಕೆ ಹಾಕೋದು? ಇದು ಗಂಡಸರಿಂದಲೂ ಆಗುತ್ತೆ, ಎಷ್ಟೋ ಸಲ ಅವರದೇ ಇರುತ್ತೆ, ಮೀಸೆ ತಿರುವ್ಕೊಂಡು ಓಡಾಡ್ತಿರ್ತಾರೆ ಅಷ್ಟೇ. ನನ್ನ ತಮ್ಮ ಆದ್ರೇನು, ನ್ಯಾಯ ನ್ಯಾಯವೇ... ಅದೇನು ಕಾಗದ? ಅವನ ರಿಪೋರ್ಟಾ? ಎಲ್ಲ ಸರಿಯಾಗಿದೆ ಅಂತಾನಾ? ಓದಿದೆ, ಓದಿದೆ. ಅಷ್ಟು ಹತ್ರ ಹಿಡೀಬೇಡ.

ಆ ಫೈಲಲ್ಲಿ ಇನ್ನೂ ಎಷ್ಟು ಕಾಗದ ಇಟ್ಕೊಂಡಿದೀಯೇ?

ಮುಂದಿಂದು ನೋಡೋಣ. ಹಿಂದೆ ಹೊಟ್ಟೆ ಆಪರೇಷನ್ ಆಗಿತ್ತಾ. ಆಗಿತ್ತು! ಸ್ಕೂಲಲ್ಲಿದ್ದಾಗ ಅಪೆಂಡಿಕ್ಸು. ನೀನೇ ಹೇಳಿದ್ದೆ, ಒಡೆದು ಹೋಗಿತ್ತು, ಎರಡು ವಾರ ಆಸ್ಪತ್ರೇಲಿದ್ದೆ ಅಂತ. ಅದೇ ಕಣೇ, ಅದೇ. ಒಳಗೆ ಕೀವಾದ್ರೆ ಗರ್ಭನಾಳ ಅಂಟಿಕೊಂಡು ಬಿಡುತ್ತೆ, ದಾರಿನೇ ಮುಚ್ಚಿಹೋಗುತ್ತೆ. ಒಳಗೆ ಸೋಂಕಾದವರಿಗೂ ಹಾಗೇ. ಅದಕ್ಕೆ ಯಾರೇನು ಮಾಡೋಕಾಗುತ್ತೆ ಹೇಳು? ನಿಮ್ಮಪ್ಪ ಅಮ್ಮ ಒಂದು ದಿನ ಮುಂಚೆ ಕರ್ಕೊಂಡು ಹೋಗಿದ್ರೆ... ಅವರನ್ನ ಬೈತಿಲ್ಲ ನಾನು. ಪಾಪ, ಅವರಿಗೇನು ಗೊತ್ತು. ಗೊತ್ತಿಲ್ದೆ ಆಗಿದ್ದಕ್ಕೆ ಯಾರನ್ನೂ ಬೈಬಾರ್ದು.

ಇದು... ಇದು ನಾಳದ ಎಕ್ಸ್‌ರೇನಾ? ಎರಡೂ ಕಡೆ ತೆರೆದಿದೆ ಅಂತ ಬರೆದಿದಾರೆ.

ಥೈರಾಯ್ಡು? ಅದೂ ಸರಿ. ಗರ್ಭಕೋಶದ ಸ್ಕ್ಯಾನು? ಅದೂ ಸರಿ. ಎಲ್ಲಾನೂ ಮಾಡಿಸಿಬಿಟ್ಟಿದೀಯಲ್ಲೇ, ನಂಗೆ ಒಂದು ಮಾತೂ ಹೇಳ್ದೆ. ನಾನೂ ಬರ್ತಿದ್ದೆ ಜೊತೇಲಿ. ಆ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದೆಯಾ ಅಷ್ಟು ದಿನ? ನಾನು ಕೂತಿದೀನಿ ಅಂಥ ಬೆಂಚಲ್ಲಿ, ಒಬ್ಬಳೇ. ಪಕ್ಕದಲ್ಲಿ ಹೊಟ್ಟೆ ಹೊತ್ಕೊಂಡು ಕೂತಿರೋರನ್ನ ನೋಡೋ ಹಾಗೂ ಇಲ್ಲ, ನೋಡದೆ ಇರೋ ಹಾಗೂ ಇಲ್ಲ. ನಂಗೊತ್ತಲ್ಲೇ ಅದು. ಬೇರೆ ಯಾರಿಗೆ ಗೊತ್ತಿಲ್ದಿದ್ರೂ ನಂಗೊತ್ತು.

ಹಿಂದೆ ಗರ್ಭಪಾತ ಆಗಿತ್ತಾ. ಒಂದು ಅಂತ ಬರೀತೀನಿ. ಹೋದ ವರ್ಷ, ಎಂಟನೇ ವಾರಕ್ಕೆ. ಆ ದಿನ ನೀನು ಇದೇ ಸ್ಟೂಲಿನ ಮೇಲೆ ಕೂತಿದ್ದೆ. ಹೋಟೆಲಿನ ಪರದೆ ಎತ್ತಿದ್ದಕ್ಕೆ ಹೀಗಾಯ್ತು ಅಂತ ನಾನೇ ಅಂದೆ. ಭಾರ ಎತ್ತಬಾರ್ದಿತ್ತು ನೀನು ಅಂದೆ. ನಾಲ್ಕನೇ ದಿನಕ್ಕೆ ನೀನೇ ವಾಪಸ್ ಬಂದೆ, ಮನೇಲಿ ಕೂತ್ರೆ ಅಳು ಬರುತ್ತೆ ಅಕ್ಕ ಅಂತ. ನಾನೇನು ಬಾ ಅಂದೆನಾ? ಬಾ ಅನ್ಲಿಲ್ಲ. ಬೇಡ ಅಂತಲೂ ಅನ್ಲಿಲ್ಲ, ಸರಿ.

ಏನದು ಶಬ್ದ? ಒಳಗೆ ಏನೋ ಕೂಗ್ತಿದೆ.

ಮಷಿನ್ನಾ? ಮಷಿನ್ ಹಾಗೆ ಯಾವಾಗ ಕೂಗುತ್ತೆ? ಓ... ಪೂರ್ತಿ ಒಣಗಿ ಮುಗಿದ್ರೆ ಕೂಗೋದು ಅದು. ಆ ಶಬ್ದ ಕೇಳಿ ಎಷ್ಟು ವರ್ಷ ಆಯ್ತು, ನಂಗೆ ಗುರುತೇ ಸಿಗ್ಲಿಲ್ಲ. ನಲವತ್ತು ನಿಮಿಷ ಓಡಿಸಿದೆಯಾ? ನಾವು ಇಪ್ಪತ್ತೈದಕ್ಕೇ ತೆಗೀತೀವಲ್ಲ. ತೆಗೆದು, ಮುಖ ಒಳಗೆ ಹಾಕಿ, ಮೂಸಿ ನೋಡಿ, ಸಿಹಿ ವಾಸನೆ ಜಾಸ್ತಿ ಇದ್ರೆ ಇನ್ನೈದು ನಿಮಿಷ ಬಿಡೋದು, ಇಲ್ದಿದ್ರೆ ಎಳೆದು ಹಾಕೋದು. ಹಾಗೇ ಅಲ್ವಾ ಕಲಿಸಿದ್ದು ನಾನು? ನಿನ್ನ ಮೂಗು ಬಂಗಾರ ಅಂತ ಎಷ್ಟು ಜನರ ಮುಂದೆ ಹೊಗಳಿದೀನಿ. ಇವತ್ತು ಯಾಕೆ ತೆಗೀಲಿಲ್ಲ?

ಹೋಗು, ತೆಗಿ ಹೋಗು. ಉಣ್ಣೆ ಕೋಟುಗಳು ಮುದುಡಿ ಹೋಗ್ತವೆ. ಹೋಗಲ್ವಾ? ನಿನ್ನನ್ನೇ ಹೇಳ್ತಿರೋದು. ಇವತ್ತೇನು ಬಂದಿದೆ ನಿಂಗೆ... ಸರಿ, ನಾನೇ ಹೋಗ್ತೀನಿ. ಈ ಮಂಡಿ ಇಟ್ಕೊಂಡು ಎದ್ದು ಹೋಗ್ತೀನಿ.

ಏನು ನೋಡ್ತಿದೀಯ?

ಕರ್ಚೀಫಾ? ಮೂಗಿಗೆ... ಧೂಳಿಗೆ ಹಿಡ್ಕೊಂಡೆ ಅಷ್ಟೇ. ಆ ರೂಮಿಗೆ ಹೋಗುವಾಗ ಅಭ್ಯಾಸ ಆಗಿಹೋಗಿದೆ. ಯಾವಾಗಿಂದ ಅಂತ ಕಣ್ಣಲ್ಲೇ ಕೇಳ್ತೀಯಾ? ಇದ್ಯಾವ ಪ್ರಶ್ನೆ? ನಂಗೆ ಶೀತ ಜಾಸ್ತಿ. ನಿಂಗೂ ಹಿಡ್ಕೋ ಅಂತ ಹೇಳ್ಬಹುದಿತ್ತು... ಹೌದು, ಹೇಳ್ಬಹುದಿತ್ತು. ಎರಡೂ ಕೈಯಲ್ಲಿ ಬಟ್ಟೆ ಎಳೀಬೇಕಲ್ಲ, ಹಿಡ್ಕೊಳ್ಳೋದು ಹೇಗೆ ಅಂತ... ಕೂಗ್ಲಿ ಬಿಡು ಅದು. ಕೂಗಿ ಕೂಗಿ ತಾನೇ ನಿಲ್ಲುತ್ತೆ. ಕೂತ್ಕೋತೀನಿ ನಾನು.

ನೀನು ಈ ಅಂಗಡಿ ಮೇಲೆ ಅನುಮಾನ ಪಡ್ತಿದೀಯ. ಬಾಯಿಬಿಟ್ಟು ಹೇಳ್ದಿದ್ರೂ ಮುಖ ಹೇಳ್ತಿದೆ. ಇದು ಎಂಥ ಅಂಗಡಿ ಅಂತ ನಿಂಗೆ ಗೊತ್ತಿಲ್ವಾ? ಹದಿನೆಂಟು ವರ್ಷದಲ್ಲಿ ಒಬ್ಬರ ಜೇಬಿನ ಒಂದು ಗುಂಡಿ ಕಳೆದಿಲ್ಲ. ಸಿಕ್ಕಿದ್ದನ್ನ ಕವರಲ್ಲಿ ಹಾಕಿ, ಟೋಕನ್ ಕಟ್ಟಿ, ಪುಸ್ತಕದಲ್ಲಿ ಬರೆದು, ಅವರ ಮುಂದೆ ಇಟ್ಟು ಸಹಿ ತಗೊಂಡು ಕೊಟ್ಟಿದೀವಿ. ವಕೀಲರ ಹಲ್ಲಿನ ಸೆಟ್ಟು ನೆನಪಿದೆಯಾ? ನೀನು ಕಿರುಚಿ ಹೊರಗೆ ಓಡಿದ್ದೆ. ಅವರು ಬಂದಾಗ ಕೌಂಟರಿನ ಮೇಲೆ ಹಾಗೇ ಇಟ್ವಿ. ಅವರು ಅತ್ತ ಇತ್ತ ನೋಡಿ, ಬಾಯಿಗೆ ಹಾಕ್ಕೊಂಡು, ಸಹಿ ಹಾಕಿ, ಸ್ಪಷ್ಟವಾಗಿ ಥ್ಯಾಂಕ್ಸ್ ಅಂದ್ರಲ್ಲ.

ಅವತ್ತೇ ನಿಂಗೆ ಹೇಳ್ಕೊಟ್ಟೆ ನಾನು. ಸಿಕ್ಕಿದ್ದರ ಬಗ್ಗೆ ಒಂದು ಮಾತೂ ಆಡ್ಬಾರ್ದು. ಇದು ನಿಮ್ದಾ ಅಂತ ಕೇಳ್ಬಾರ್ದು, ಹೇಗೆ ಬಂತು ಅಂತ ಕೇಳ್ಬಾರ್ದು. ಆ ಕಿವಿಯೋಲೆ ವಿಷಯದಲ್ಲಿ ಏನಾಯ್ತು ನೋಡಿದ್ಯಲ್ಲ? ಗಂಡನ ಕೋಟಲ್ಲಿ ಒಂದೇ ಒಂದು ಓಲೆ, ಕೋಟು ತಗೊಳ್ಳೋಕೆ ಬಂದಿದ್ದು ಹೆಂಡತಿ. ನೀನು ಬಾಯಿ ತೆಗೀಬೇಕು ಅನ್ನೋಷ್ಟರಲ್ಲಿ ನಿನ್ನ ಕಾಲು ತುಳಿದೆ ನಾನು. ಮಾತಾಡಿದ್ರೆ ಅವರಿಗೆ ಸುಳ್ಳು ಹೇಳೋಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ವಸ್ತು ಮುಂದೆ ಇಟ್ಟು, ಪುಸ್ತಕ ಅವರ ಕಡೆ ತಿರುಗಿಸಿ ಸುಮ್ನೆ ನಿಂತ್ರೆ ಸಾಕು. ಐದು ನಿಮಿಷ ಆಗ್ಲಿ, ಹತ್ತು ನಿಮಿಷ ಆಗ್ಲಿ, ಯಾರದೋ ಅವರೇ ಹೇಳ್ತಾರೆ. ಆ ಹೆಂಗಸೂ ಹೇಳಿದ್ರಲ್ಲ ಕೊನೆಗೆ, ನನ್ನ ತಂಗೀದು ಅಂತ.

ಯಾಕೆ ತಲೆ ಆಡಿಸ್ತೀಯ? ಹೌದು, ನಾನೇ ಕಲಿಸಿದ್ದು. ಅದಕ್ಕೇ ಹೇಳಿದ್ದು, ಇಂಥ ಅಂಗಡಿ ಮೇಲೆ ಅನುಮಾನ ಪಡ್ಬೇಡ ಅಂತ.

ಫಾರ್ಮು ಮುಗಿಸೋಣ. ಮೇಲೆ ಒಂದು ಸಾಲು ಬಿಟ್ಟೆ ನಾನು. ನೀನೇ ಬರೆದಿದೀಯ ಇಲ್ಲಿ. ಕೊನೆಯ ಮುಟ್ಟಿನ ದಿನ... ಹೋದ ತಿಂಗಳು ಎರಡನೇ ತಾರೀಕು. ತಪ್ಪು ಬರೆದಿದೀಯ ನೋಡು. ಇವತ್ತು ಹದಿನೈದು. ಹೋದ ತಿಂಗಳು ಎರಡು ಅಂದ್ರೆ... ಮೂವತ್ತರಲ್ಲಿ ಎರಡು ಹೋದ್ರೆ ಇಪ್ಪತ್ತೆಂಟು, ಅದಕ್ಕೆ ಹದಿನೈದು ಸೇರಿದ್ರೆ... ನಲವತ್ತಮೂರು ದಿನ.

ನಲವತ್ತಮೂರು ದಿನ ಆಯ್ತಾ?

ಟೆಸ್ಟ್ ಮಾಡಿಸಿದೆಯಾ? ತಲೆ ಎತ್ತಿ ನೋಡು ನನ್ನ ಕಡೆ. ಮಾಡಿಸಿದೆಯಾ? ಯಾವಾಗ... ಇವತ್ತು ಬೆಳಿಗ್ಗೇನಾ? ನಿಂತಿದೆಯಾ? ಅಯ್ಯೋ ನನ್ನ ಕಂದ. ಅಯ್ಯೋ. ಅದಕ್ಕೇ ಡಾಕ್ಟರಮ್ಮ ನಾಲ್ಕು ಗಂಟೆ ಒಳಗೆ ಅಂದಿದ್ದು. ಇನ್ನು ಒಂದು ದಿನವೂ ಬಿಡ್ಬಾರ್ದು, ಏನು ಮುಟ್ಟಿದೀಯ, ಏನು ಉಸಿರಾಡಿದೀಯ ತಿಳ್ಕೊಂಡು ಬಾ ಅಂದ್ರಾ? ಹೋದ ಸಲದ ಹಾಗೆ ಆಗ್ಬಾರ್ದು ಅಂದ್ರಾ?

ನಿನ್ನೆ... ನಿನ್ನೆ ಹೋಟೆಲಿನ ಪರದೆ. ಇಪ್ಪತ್ತು ನಿಮಿಷಕ್ಕೇ ತೆಗಿ, ವ್ಯಾನ್ ಬಂದು ನಿಂತಿದೆ ಅಂತ ಕೂಗಿದ್ದು ನಾನು. ಬಿಸಿ ಬಿಸಿ ಎಳೆದು ಹಾಕಿದೆ ನೀನು, ಸೊಂಟದವರೆಗೂ ಒಳಗೆ ಬಗ್ಗಿದ್ದೆ. ಆಗ ಹೇಳ್ಬಾರ್ದಿತ್ತಾ ದಿನ ತಪ್ಪಿದೆ ಅಂತ? ನಿಂಗೂ ಖಚಿತ ಇರ್ಲಿಲ್ವಾ... ಹೋದ ಸಲ ಎಲ್ಲರಿಗೂ ಹೇಳಿ ಆಮೇಲೆ ಅತ್ತಿದ್ದು ನೆನಪಾಗಿ ಸುಮ್ನಿದ್ದೆಯಾ. ಸರಿ. ನಿಂದೇನು ತಪ್ಪು.

ನೀರು ಕೊಡು ಸ್ವಲ್ಪ. ಬೇಡ, ನೀನು ಏಳ್ಬೇಡ, ನಾನೇ ತಗೋತೀನಿ. ಇಸ್ತ್ರಿ ಟೇಬಲ್ ಮೇಲೇ ಇದೆ ಬಾಟ್ಲು.

ಈ ಬಟ್ಟೆ ಯಾವಾಗ ಬದಲಾಯಿಸಿದೆ?

ಟೇಬಲ್ ಮೇಲಿನ ಬಟ್ಟೆ ಕಣೇ. ನಿನ್ನೆ ಹಳೇದಿತ್ತು, ಆ ಮೂಲೆ ಸುಟ್ಟು ಕಂದಾಗಿತ್ತು. ಇದು ಹೊಸದು. ನಾನೇ ಬದಲಾಯಿಸ್ತೀನಿ ಅಂತ ಎಷ್ಟು ಸಲ ಹೇಳಿದೀನಿ. ಆರು ವರ್ಷದಿಂದ ನಾನೇ ಬದಲಾಯಿಸೋದಲ್ವಾ, ಅಂಗಡಿ ಮುಚ್ಚಿದ ದಿನ ಬಂದು. ಕೆಳಗಿನ ಕಂಬಳಿಯೂ ತೆಗೆದೆಯಾ? ತೆಗೆದು ಕೊಡವಿದೆಯಾ? ಕಂಬಳಿ ಕೆಳಗೆ, ಹಲಗೆ ಮೇಲೆ... ಅಲ್ಲಿ ತಗ್ಗಿತ್ತು, ಸಮ ಆಗ್ಲಿ ಅಂತ ನಾನು ಒಂದು...

ಅದು ಮದುವೆ ಕಾರ್ಡಲ್ಲ. ಕೌಂಟರಿನ ತುದೀಲಿರೋದು.

ಕವರಲ್ಲಿ ಹಾಕಿ ಟೋಕನ್ನೂ ಕಟ್ಟಿದೀಯ. ಪುಸ್ತಕಾನೂ ತೆಗೆದಿಟ್ಟು ನನ್ನ ಕಡೆ ತಿರುಗಿಸಿದೀಯ. ನಾನು ಬಂದಾಗಿಂದ ಅದು ಅಲ್ಲೇ ಇದೆ. ನೀನು ಒಂದು ಮಾತೂ ಆಡಿಲ್ಲ. ಬೆರಳು ಇಟ್ಟೆ, ಕಾಗದ ತೋರಿಸ್ದೆ, ತಲೆ ಆಡಿಸ್ದೆ, ಅಷ್ಟೇ. ಮಾತಾಡಿದ್ದೆಲ್ಲ ನಾನೇ.

ಯಾರ ಮೇಲೆ ಸಿಟ್ಟು ಮಾಡ್ಕೊಳ್ಳಲಿ ನಾನು? ಕಲಿಸಿದೋಳು ನಾನೇ ಅಲ್ವಾ.

ಓದ್ಬೇಕಾಗಿಲ್ಲ ಅದನ್ನ. ಬಾಯಿಪಾಠ ಇದೆ. ಕನ್ನಡಕ ಇಲ್ದೆ ಹೇಳ್ತೀನಿ ಕೇಳು. ಹೆಸರು ಪರ್‌ಕ್ಲೋರೋಎಥಿಲೀನ್. ಪರ್ಕ್ ಅಂತಾರೆ ಎಲ್ಲರೂ. ಬರಿ, ಬರ್ಕೋ, ಆ ಸಾಲಲ್ಲಿ ಬರ್ಕೋ. ಯಂತ್ರ ಪೂರ್ತಿ ನಿಲ್ಲೋವರೆಗೆ ಬಾಗಿಲು ತೆಗೀಬಾರ್ದು. ಮೂಸಿ ನೋಡ್ಬಾರ್ದು. ರೂಮಿನ ಕಿಟಕಿ ಮುಚ್ಚಬಾರ್ದು. ಗರ್ಭಿಣಿಯರು, ಮಗು ಬೇಕು ಅಂತಿರೋ ಹೆಂಗಸರು ಈ ಯಂತ್ರದ ಹತ್ರ ಕೆಲಸ ಮಾಡ್ಬಾರ್ದು. ಮುಟ್ಟು ಏರುಪೇರಾಗಬಹುದು, ಗರ್ಭ ನಿಲ್ಲೋದು ತಡ ಆಗಬಹುದು, ನಿಂತದ್ದು ಜಾರಬಹುದು. ಆಗಬಹುದು ಅಂತ ಇರೋದು ಕಣೇ, ಆಗುತ್ತೆ ಅಂತ ಅಲ್ಲ. ಆ ಒಂದು ಮಾತು ಹಿಡ್ಕೊಂಡೇ ಆರು ವರ್ಷ ದೂಡಿದೀನಿ ನಾನು. ಆಗಬಹುದು ಅಂದ್ರೆ ಆಗದೆಯೂ ಇರಬಹುದಲ್ಲ ಅಂತ.

ಕೆಳಗೆ ಸಹಿ ಇದೆ, ನೋಡಿರ್ತೀಯ. ಓದಿ ತಿಳಿದಿದ್ದೇನೆ ಅಂತ ಅಚ್ಚಾಗಿದೆ, ಅದರ ಕೆಳಗೆ ನನ್ನ ಸಹಿ. ತಪಾಸಣೆಗೆ ಬಂದ ಹೆಂಗಸು ಗೋಡೆಗೆ ತೂಗುಹಾಕಿ ಅಂತ ಕೊಟ್ಟು ಹೋದ್ರು. ತೂಗುಹಾಕೋಕೆ ಮೊಳೆ ಹುಡುಕ್ತಾ ಇದ್ದೆ ನಾನು, ನಿಜವಾಗ್ಲೂ. ಓದ್ತಾ ಓದ್ತಾ ಕೂತುಬಿಟ್ಟೆ. ನನ್ನವು ಎರಡು ಹೋಗಿದ್ವಲ್ಲ, ಇಪ್ಪತ್ತೊಂಬತ್ತಕ್ಕೆ ಒಂದು, ಮೂವತ್ತಮೂರಕ್ಕೆ ಒಂದು. ಎರಡೂ ಸಲ ನಾನು ಅದೇ ಬಾಗಿಲಲ್ಲಿ ಮುಖ ಹಾಕ್ತಿದ್ದೆ. ಯಾರ್ಯಾರೋ ಏನೇನೋ ಅಂದಿದ್ರು, ನಿನ್ನ ಮೈಯೇ ಸರಿ ಇಲ್ಲ ಅಂತ. ಆ ಕಾರ್ಡು ಓದಿ ನಂಗೆ ಮೊದಲು ಬಂದಿದ್ದು ಏನು ಗೊತ್ತಾ? ಸಂತೋಷ. ನನ್ನ ಮೈಯಲ್ಲಲ್ಲ ತಪ್ಪು, ಇಲ್ಲಿಂದ ಎದ್ರೆ ನಂಗೂ ಆಗುತ್ತೆ ಅಂತ. ಮೂವತ್ತೆಂಟು ವಯಸ್ಸು ಆಗ. ಇನ್ನೂ ಹೊತ್ತಿದೆ ಅನ್ಕೊಂಡೆ.

ತಾರೀಕು ನೋಡಿದ್ಯಾ ಅದರ ಮೇಲೆ?

ನೋಡಿದೀಯ. ನೀನು ಕೆಲಸಕ್ಕೆ ಸೇರಿದ ದಿನವೂ ನಿಂಗೆ ನೆನಪಿದೆ. ನಡುವೆ ಒಂಬತ್ತು ದಿನ.

ಮಂಡಿ ನೋವು ಯಾವತ್ತೂ ಇರ್ಲಿಲ್ಲ ಕಣೇ.

ಹೀಗೆ ನೋಡ್ಬೇಡ ನನ್ನ. ಬೈದುಬಿಡು, ಅದೇನು ಬೈತೀಯೋ ಬೈ. ಮಷಿನ್ನಿಂದ ಏಳೋಕೆ ಒಂದು ನೆಪ ಬೇಕಿತ್ತು. ಕಾರ್ಡು ತೋರಿಸಿದ್ರೆ ಆ ಮಷಿನ್ನಿಗೆ ಯಾರು ಬರ್ತಿದ್ರು? ಮಂಡಿ ನೋವು, ನಿಲ್ಲೋಕಾಗಲ್ಲ, ಚುರುಕಾದ ಹುಡುಗಿ ಬೇಕು ಅಂದೆ. ನೀನು ಬಂದೆ. ಎಷ್ಟು ಸಲ ಸಾಯಂಕಾಲ ಈ ಕಾಲು ನಿನ್ನ ತೊಡೆ ಮೇಲೆ ಇಟ್ಕೊಂಡು ಮುಲಾಮು ಹಚ್ಚಿದೀಯ ನೀನು. ನಂಗೆ ತಡೀತಿರ್ಲಿಲ್ಲ. ಸಾಕು ಬಿಡೇ ಅಂತಿದ್ದೆ, ನೀನು ಬಿಡ್ತಿರ್ಲಿಲ್ಲ. ಅದಕ್ಕೇ ತಮ್ಮನಿಗೆ ನಿನ್ನ ತಂದ್ಕೊಂಡೆ. ಇಂಥ ಹುಡುಗಿ ಬೇರೆ ಮನೆಗೆ ಹೋಗ್ಬಾರ್ದು ಅಂತ. ಅದು ಸುಳ್ಳಲ್ಲ. ಅದೊಂದು ಸುಳ್ಳಲ್ಲ.

ಮದುವೆ ಆದ ದಿನ ಹೇಳ್ಬೇಕು ಅನ್ಕೊಂಡೆ. ಎರಡು ವರ್ಷ ಮುಂಚೆ ಯಾಕೆ ಹೇಳ್ಲಿಲ್ಲ ಅಂತ ಕೇಳ್ತೀಯಲ್ಲ ಅಂತ ಹೇಳ್ಲಿಲ್ಲ. ಹೋದ ವರ್ಷ ನಿಂಗೆ ಹಾಗಾದಾಗ ನಾಲಿಗೆ ತುದಿಗೇ ಬಂದಿತ್ತು. ಆಗ ಹೇಳಿದ್ರೆ ಈ ಮಗು ಹೋಗಿದ್ದು ನಿನ್ನಿಂದ ಅಂತೀಯಲ್ಲ ಅಂತ ನುಂಗಿಕೊಂಡೆ. ದಿನ ಹೋದಷ್ಟೂ ಹೇಳೋದು ಕಷ್ಟ ಆಗ್ತಾ ಹೋಯ್ತು. ನಂಗೆ ಕೌಂಟರಿಗೆ ಬಂದ ಮೇಲೂ ಮಗು ಆಗ್ಲಿಲ್ಲ, ಗೊತ್ತಲ್ಲ ನಿಂಗೆ. ತಡ ಆಗಿತ್ತು. ನಂಗೂ ಆಗ್ಲಿಲ್ಲ, ನಿಂಗೂ ಆಗದ ಹಾಗೆ ಮಾಡಿದೆ. ನನ್ನ ತಮ್ಮನ ಮಗುನೇ ಅಲ್ವಾ ಅದು. ನಮ್ಮ ಮನೆ ಮಗುನೇ.

ಭಯ ಆಗ್ತಿದೆ ಕಣೇ. ನಂಗೆ ತುಂಬಾ ಭಯ ಆಗ್ತಿದೆ. ನೀನು ಬಿಟ್ಟು ಹೋಗ್ತೀಯ ಅಂತಲ್ಲ, ಹೋಗು, ಹೋಗ್ಲೇಬೇಕು. ತಮ್ಮನಿಗೆ ಹೇಳ್ತೀಯ, ಹೇಳು. ಅವನು ಈ ಕಡೆ ತಲೆ ಹಾಕಲ್ಲ ಇನ್ನು. ಅದೂ ಇರ್ಲಿ. ನಿನ್ನೆ ಆ ಪರದೆ... ಇಪ್ಪತ್ತು ನಿಮಿಷಕ್ಕೇ ತೆಗಿ ಅಂದೆನಲ್ಲ, ಅದನ್ನೂ ಡಾಕ್ಟರಿಗೆ ಹೇಳು. ಏನೂ ಮುಚ್ಚಿಡ್ಬೇಡ. ಇದೊಂದಾದ್ರೂ ನಿಲ್ಬೇಕು. ಇನ್ನೂ ಹೊತ್ತು ಮೀರಿಲ್ಲ ಅಲ್ವಾ? ಮೀರಿಲ್ಲ ಅಂತ ಹೇಳು. ಒಂದು ಮಾತು ಆಡು ನನ್ನ ಜೊತೆ.

ಆಡಲ್ಲ. ಸಹಿ ಆಗೋವರೆಗೆ ಆಡ್ಬಾರ್ದು ಅಂತ ಹೇಳ್ಕೊಟ್ಟಿದ್ದೂ ನಾನೇ.

ಕೊಡು ಪೆನ್ನು. ಎಲ್ಲಿ, ಈ ಸಾಲಾ? ಸಿಕ್ಕ ವಸ್ತು... ಕಾರ್ಡು, ಒಂದು. ಸಿಕ್ಕಿದ್ದು ಎಲ್ಲಿ... ಇಸ್ತ್ರಿ ಟೇಬಲ್ ಕಂಬಳಿ ಕೆಳಗೆ. ದುಂಡಗೆ ಬರೀತೀಯ ಯಾವಾಗ್ಲೂ. ಯಾರದು ಅನ್ನೋ ಕಡೆ...

ಅಕ್ಕ ಅಂತ ಬರೆದಿದೀಯ.

ಎಲ್ಲ ಗೊತ್ತಾದ ಮೇಲೆ ಬರೆದಿದ್ದು ಅಲ್ವಾ ಇದು? ಬೆಳಿಗ್ಗೆ ಕಾರ್ಡು ಓದಿ, ಸಹಿ ನೋಡಿ, ತಾರೀಕು ನೋಡಿ, ಆಮೇಲೆ ಕೂತು ಬರೆದಿದ್ದು. ಆಮೇಲೂ ಅಕ್ಕ ಅಂತಾನೇ ಬರೆದಿದೀಯ.

ನನ್ನದೇ ಕಣೇ. ಹಾಕಿದೆ ನೋಡು ಸಹಿ. ನನ್ನದೇ.